‘ಹತ್ತೂಕಾಲಿನ ಬಸ್ಸು’ ಹಾಡಿದವರು

ಕಳೆದ ತಿಂಗಳ ಎರಡನೇ ಶನಿವಾರ ಸಂಜೆ ಐದೂವರೆಗೆ, ಶಿವಮೊಗ್ಗದ ದುರ್ಗಿಗುಡಿಯ ಒಂದು ಮಹಡಿ ಕೋಣೆಯಲ್ಲಿ ‘ಹತ್ತೂಕಾಲಿನ ಬಸ್ಸು’ ಎಂಬ ಹಾಡಿನ ರೆಕಾರ್ಡು ಎರಡನೇ ಸಲ ಬಿಡುಗಡೆಯಾಯಿತು. ಸಭೆಯಲ್ಲಿ ನಲವತ್ತೊಂದು ಜನ ಇದ್ದರು. ಎಣಿಸಿದವನು ನಾನೇ. ಪತ್ರಿಕೆಯ ಕೆಲಸದಿಂದ ನಿವೃತ್ತನಾಗಿ ಹತ್ತು ವರ್ಷವಾದರೂ ತಲೆ ಎಣಿಸುವ ಚಟ ಬಿಟ್ಟಿಲ್ಲ. ಮದುವೆ ಮನೆಯಲ್ಲಿ ಎಣಿಸಿ ಹೆಂಡತಿಯಿಂದ ಬೈಸಿಕೊಂಡದ್ದೂ ಇದೆ. ನನಗೆ ಇನ್ನೊಂದು ಅಭ್ಯಾಸವಿದೆ. ಸಿಟ್ಟು ಬಂದರೆ ನನ್ನ ವಾಕ್ಯಗಳು ಚಿಕ್ಕವಾಗುತ್ತವೆ. ಮುಂದೆ ಓದುವಾಗ ಇದು ನಿಮಗೆ ಉಪಯೋಗಕ್ಕೆ ಬರಬಹುದು.

ಹಾಡಿನ ವಿಷಯ ಮೊದಲು ಹೇಳುತ್ತೇನೆ. ಎಂಬತ್ತರ ದಶಕದ ಕೊನೆಯಲ್ಲಿ ಭದ್ರಾವತಿಯ ಕಾರ್ಖಾನೆ ನೌಕರರ ಒಂದು ಆರ್ಕೆಸ್ಟ್ರಾ ಬೆಂಗಳೂರಿಗೆ ಹೋಗಿ ಧ್ವನಿಮುದ್ರಿಸಿದ ಹಾಡು ಅದು. ಹುಡುಗಿಯೊಬ್ಬಳು ಬಸ್ಸಿಗೆ ಕಾಯುತ್ತಾಳೆ, ಬಸ್ಸು ಬರುವುದಿಲ್ಲ, ಆಕೆ ನಿಂತಲ್ಲೇ ಕುಣಿಯುತ್ತಾಳೆ. ಕಥೆ ಅಷ್ಟೇ. ಎಲೆಕ್ಟ್ರಾನಿಕ್ ಡ್ರಮ್ಮಿನ ಆ ಧಕ್ಕು ಧಕ್ಕು ಕೇಳಿ ನಮ್ಮ ಸಂಗೀತದ ಮೇಷ್ಟ್ರುಗಳು ಕಿವಿ ಮುಚ್ಚಿಕೊಂಡರು. ನಾನೂ ಮುಚ್ಚಿಕೊಂಡೆ, ಮೇಷ್ಟ್ರುಗಳ ಜೊತೆ ಇದ್ದರೆ ಮರ್ಯಾದೆ ಹೆಚ್ಚು ಎಂದು ಆಗ ತಿಳಿದಿದ್ದೆ. ಎರಡು ವರ್ಷ ಗಣಪತಿ ಪೆಂಡಾಲುಗಳಲ್ಲಿ ಕುಣಿಸಿದ ಹಾಡು ಆಮೇಲೆ ಕಾಣೆಯಾಯಿತು. ಈಗ ಕೇಳಿದರೆ, ಆ ಹುಡುಗಿಯ ಅಸಹನೆಯಷ್ಟು ನಿಜವಾದದ್ದು ಆ ಕಾಲದ ನಮ್ಮ ಗಂಭೀರ ಸಂಗೀತದಲ್ಲಿ ಎಷ್ಟಿತ್ತು ಎಂಬ ಅನುಮಾನ ಬರುತ್ತದೆ.

ಅದನ್ನು ಮತ್ತೆ ಹೊರಗೆ ತಂದವರು ವಿಶ್ವನಾಥ. ದುರ್ಗಿಗುಡಿಯಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟವರು. ಗುಜರಿಯಲ್ಲಿ ಸಿಕ್ಕ ರೆಕಾರ್ಡನ್ನು ಮೂರು ತಿಂಗಳು ಮಗುವಿನಂತೆ ನೋಡಿಕೊಂಡರು. ಬ್ಯಾಟರಿಗೆ ಹಾಕುವ ಶುದ್ಧ ನೀರಿಗೆ ಒಂದು ಹನಿ ಸೋಪು ಬೆರೆಸಿ, ಮೆತ್ತನೆಯ ಬ್ರಷ್ಷಿನಿಂದ ಗೆರೆಗೆರೆಯನ್ನೂ ತೊಳೆದರು. ಹೊಸ ಮುಳ್ಳು ಹಾಕಿ ಹಾಡಿಸಿ ಕಂಪ್ಯೂಟರಿಗೆ ಇಳಿಸಿಕೊಂಡರು. ಆಮೇಲೆ ಟಿಕ್ ಟಿಕ್, ಪಟ್ ಪಟ್ ಎನ್ನುವ ಒಂದೊಂದು ಸದ್ದನ್ನೂ ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸಿ ತೆಗೆದರು. ಇಷ್ಟು ಶ್ರದ್ಧೆಯ ಮನುಷ್ಯನ ಮೇಲೆ ನನಗೆ ಸಿಟ್ಟು ಬಂತು.

ಅದಕ್ಕೆ ಕಾರಣ ನನ್ನ ಮುಂದಿನ ಸಾಲಿನಲ್ಲಿ ಕೂತಿದ್ದ ಇಬ್ಬರು ಹೆಂಗಸರು. ಹಾಡು ಮುಗಿಯಿತು, ಚಪ್ಪಾಳೆಯೂ ಆಯಿತು. ಲೇಬಲ್ಲಿನ ಮೇಲೆ ಗಾಯಕಿ ಎಂದು ಹೊಸದಾಗಿ ಅಚ್ಚಾಗಿದ್ದ ಬೆಂಗಳೂರಿನವರೊಬ್ಬರ ಹೆಸರನ್ನು ಮೈಕಿನಲ್ಲಿ ಓದಿದರು. ಹಳೆಯ ಲೇಬಲ್ಲಿನಲ್ಲಿ ಸಂಗೀತ ನಿರ್ದೇಶಕರ ಹೆಸರಿನ ಮುಂದೆ ‘ಮತ್ತು ಸಂಗಡಿಗರು’ ಎಂದಷ್ಟೇ ಇತ್ತು.

“ನೋಡಿದ್ಯಾ? ಈಗ್ಲೂ ಅವಳ ಹೆಸ್ರೇ. ಇನ್ನಾದ್ರೂ ಸುಮ್ನಿರು ಮಾರಾಯ್ತಿ,” ಎಂದರು ಒಬ್ಬರು.

“ಹಾಡಿದ್ದು ನಾನು ಕಣೇ ಕಮಲಾ.”

“ಕುಕ್ಕರ್ ವಿಸಲ್ ಮೇಲೆ ಕೂಗೋ ನಿನ್ನ ಗಂಟ್ಲು ನಂಗೊತ್ತಿಲ್ವಾ? ನೀನೇ ಹಾಡಿದ್ರೆ ಪೇಪರ್‌ನಲ್ಲಿ ಯಾಕೆ ಬರ್ಲಿಲ್ಲ?”

ಪೇಪರ್ ಎಂದರೆ ನನ್ನ ಕಿವಿ ತಾನಾಗಿ ನೆಟ್ಟಗಾಗುತ್ತದೆ. ಚಹಾದ ಹೊತ್ತಿಗೆ ಹೋಗಿ ಮಾತಾಡಿಸಿದೆ. ಭದ್ರಾವತಿಯ ಜನ್ನಾಪುರದಲ್ಲಿ ಬಟ್ಟೆ ಹೊಲಿಯುವ ಪುಷ್ಪವಲ್ಲಿ ಮತ್ತು ಅವರ ನಾದಿನಿ ಕಮಲಮ್ಮ. ಪುಷ್ಪವಲ್ಲಿಯ ತಂದೆ ತಮಿಳಿನವರು, ಕಾರ್ಖಾನೆಯ ಕುಲುಮೆಯಲ್ಲಿ ದುಡಿದವರು. ಈಕೆ ಆರ್ಕೆಸ್ಟ್ರಾದಲ್ಲಿ ಹಿಂದೆ ನಿಂತು ದನಿಗೂಡಿಸುತ್ತಿದ್ದವರು.

“ರೆಕಾರ್ಡಿಂಗ್ ದಿನ ಹಾಡ್ಬೇಕಿದ್ದ ಬೆಂಗ್ಳೂರಿನೋರು ಮಧ್ಯಾಹ್ನ ಆದ್ರೂ ಬರ್ಲಿಲ್ಲ ಸಾರ್. ನಮ್ಮ ಆರ್ಕೆಸ್ಟ್ರಾ ಮೇಷ್ಟ್ರು ತಿರುಗಿ ‘ಪುಷ್ಪಾ, ಬಾಮ್ಮ ಮುಂದೆ’ ಅಂದ್ರು. ಮೂರನೇ ಚರಣಕ್ಕೆ ಡ್ರಮ್ಮು ಒಂಚೂರು ಬೇಗ ಬರುತ್ತೆ, ತಪ್ಪಬಾರ್ದು ಅಂತ ಬಾಯಲ್ಲೇ ಎಣಿಸಿದೆ. ಒಣ್ಣು, ರೆಂಡು, ಮೂಣು ಅಂತ. ಅದೂ ಮೈಕಿಗೆ ಬಿತ್ತು. ಬೈದ್ರು. ಟೈಮ್ ಮುಗ್ದಿತ್ತು, ಹಾಗೇ ಬಿಟ್ರು.”

“ಈಗ ಕೇಳಿದ್ನಲ್ಲ, ಎಣಿಸಿದ್ದು ಎಲ್ಲಿತ್ತು?” ಎಂದರು ಕಮಲಮ್ಮ.

ನಾನೂ ಕೇಳಿದ್ದೆ. ಎಣಿಸಿದ್ದು ಇರಲಿಲ್ಲ.

ವಿಶ್ವನಾಥರನ್ನು ಪಕ್ಕಕ್ಕೆ ಕರೆದೆ. “ಯಾರನ್ನ ಕೇಳಿ ಈ ಹೆಸ್ರು ಹಾಕಿದ್ರಿ?”

“ದಾಖಲೆ ಇದೆ ಸಾರ್. ದಾಖಲೆ ಇಲ್ದೆ ನಾನು ಒಂದಕ್ಷರ ಹಾಕಲ್ಲ.”

“ಮೂರು ತಿಂಗ್ಳು ತಟ್ಟೆ ತೊಳೆದ್ರಿ. ಭದ್ರಾವತಿಗೆ ಒಂದ್ಸಲ ಹೋಗೋಕೆ ಆಗ್ಲಿಲ್ವಾ? ಬಸ್ಸಿಗೆ ಮುಕ್ಕಾಲು ಗಂಟೆ. ಜಾಗಕ್ಕೆ ಹೋಗ್ದೆ ಬರೆಯೋದು ಅಪರಾಧ ಕಣ್ರೀ!”

ಇನ್ನೂ ಮಾತಾಡಿದೆ. ನಾಲ್ಕು ಜನ ತಿರುಗಿ ನೋಡುವಷ್ಟು ಮಾತಾಡಿದೆ. ವಿಶ್ವನಾಥ ತಾಳ್ಮೆಯಿಂದ ಕೇಳಿ, ಆರ್ಕೆಸ್ಟ್ರಾದ ಹಳೆಯ ಕಚೇರಿಯ ಗೋಡೆಯಿಂದ ತರಿಸಿಕೊಂಡಿದ್ದ ಒಂದು ಫ್ರೇಮನ್ನು ನನ್ನ ಕೈಗೆ ಕೊಟ್ಟರು. ಮೊದಲ ಬಿಡುಗಡೆಯ ಪತ್ರಿಕಾ ವರದಿ. ‘ನಮ್ಮ ಪ್ರತಿನಿಧಿಯಿಂದ’ ಎಂದಿತ್ತು. ಈ ಹಾಡಿನ ಗಾಯಕಿ, ಬೆಂಗಳೂರಿನ ಇಂಥವರು, ವೇದಿಕೆಯಲ್ಲಿ ಹಾಡಿ ‘ಸಭಿಕರ ಮನಸೂರೆಗೊಂಡರು’ ಎಂದಿತ್ತು.

ಆ ಕಾಲದಲ್ಲಿ ನನ್ನ ಎಲ್ಲ ವರದಿಗಳಲ್ಲೂ ಯಾರಾದರೊಬ್ಬರು ಸಭಿಕರ ಮನಸೂರೆಗೊಳ್ಳುತ್ತಿದ್ದರು.

ಆಮಂತ್ರಣ ಪತ್ರಿಕೆ ನೋಡಿ ವರದಿ ಬರೆಯುವ ಪದ್ಧತಿ ನಮ್ಮ ಕಸುಬಿನಲ್ಲಿ ಇತ್ತು. ಸಂಜೆ ಒಂದೇ ಹೊತ್ತಿಗೆ ನಾಲ್ಕು ಸಮಾರಂಭ, ವರದಿಗಾರ ಒಬ್ಬ. ಕಾರ್ಡಿನಲ್ಲಿ ‘ಉದ್ಘಾಟಿಸುವರು’ ಎಂದಿದ್ದರೆ ‘ಉದ್ಘಾಟಿಸಿದರು’ ಎಂದು ತಿದ್ದಿ ಅಚ್ಚುಮೊಳೆ ಜೋಡಿಸಲು ಕಳಿಸುವುದು. ಜನ ಬರಲಿ ಎಂದು ಸಂಘಟಕರು ಕಾರ್ಡಿನಲ್ಲಿ ಬೆಂಗಳೂರಿನವರ ಹೆಸರನ್ನೇ ಉಳಿಸಿದ್ದರು. ಆಕೆಯ ಹೆಸರನ್ನು ಇಲ್ಲಿ ಮತ್ತೆ ಅಚ್ಚು ಹಾಕಿಸುವುದಿಲ್ಲ. ಇಷ್ಟು ವರ್ಷ ಸಾಕು.

ಆ ಇಬ್ಬರ ಬಳಿ ಹೋಗಿ ಹೇಳಿದೆ. “ಆ ಪೇಪರ್‌ನಲ್ಲಿ ಬರೆದೋನು ನಾನೇ.”

ಪುಷ್ಪವಲ್ಲಿ ನನ್ನನ್ನು ನೋಡಿದರು. “ನೀವು ಅವತ್ತು ಬಂದಿದ್ರಾ ಸಾರ್?”

“ಇಲ್ಲ.”

“ಎಲ್ಲಿದ್ರಿ?”

“ತ್ಯಾವರೆಕೊಪ್ಪದ ಸಫಾರೀಲಿ. ಸಿಂಹ ನೋಡೋಕೆ ಹೋಗಿದ್ದೆ.”

“ಸಿಂಹನಾದ್ರೂ ಎದ್ದು ಬಂತಾ?” ಎಂದರು ಕಮಲಮ್ಮ.

“ಮಲಗಿತ್ತು.”

ಕಮಲಮ್ಮ ನಕ್ಕರು. ಪುಷ್ಪವಲ್ಲಿ ನಗಲಿಲ್ಲ. “ಅವತ್ತು ಮೇಷ್ಟ್ರು ಮೈಕಲ್ಲಿ ನನ್ನ ಹೆಸ್ರು ಕರೆದ್ರು ಸಾರ್. ಎದ್ದು ನಿಂತೆ. ಎಲ್ರೂ ಚಪ್ಪಾಳೆ ಹೊಡೆದ್ರು. ಮಾರನೇ ದಿನ ಪೇಪರ್ ಬಂತು. ಮದ್ವೆ ಆಗಿ ಇವಳ ಮನೆಗೆ ಬಂದಾಗ ಅದನ್ನೇ ತೋರಿಸಿ ಸುಳ್ಳಿ ಅಂದ್ರು.”

ಜೀವನದಲ್ಲಿ ನನ್ನ ಮೇಲೆ ಮೂರು ಸಲ ಮಾನನಷ್ಟ ಮೊಕದ್ದಮೆ ಹಾಕುವುದಾಗಿ ನೋಟಿಸು ಬಂದಿದೆ. ಮೂರೂ ದೊಡ್ಡ ಮನುಷ್ಯರದ್ದು. ಮೂರರಲ್ಲೂ ನನ್ನದು ಸರಿಯಿತ್ತು. ನನ್ನದು ತಪ್ಪಿದ್ದ ಕಡೆಯಿಂದ ನೋಟಿಸು ಬರಲಿಲ್ಲ. ನೋಟಿಸು ಕಳಿಸುವ ದಾರಿ ಅವರಿಗೆ ಗೊತ್ತಿರಲಿಲ್ಲ. ನನಗೆ ಅದೇ ಅನುಕೂಲವಾಗಿತ್ತು. ಆ ಸಂಜೆ ವಿಶ್ವನಾಥರ ಮೇಲೆ ಎಸೆದ ಮಾತುಗಳನ್ನು ಒಂದೊಂದಾಗಿ ಹೆಕ್ಕಿ ನನ್ನ ಕಡೆಗೆ ತಿರುಗಿಸಿಕೊಂಡೆ. ಒಂದೂ ಹಾಳಾಗಲಿಲ್ಲ.

ಆ ಎಣಿಕೆಯ ವಿಷಯ ವಿಶ್ವನಾಥರನ್ನು ಕೇಳಿದೆ. “ಅದಾ ಸಾರ್? ಯಾರೋ ಹಿಂದೆ ಗೊಣಗಿದ ಹಾಗಿತ್ತು. ಕಸ ಅಂತ ತೆಗೆದೆ,” ಎಂದರು. ಸದ್ದು ಆರಿಸುವ ಮೊದಲಿನ ಪ್ರತಿ ಕಂಪ್ಯೂಟರಿನಲ್ಲಿತ್ತು. ಹಾಕಿದರು. ಟಿಕ್ ಟಿಕ್ ನಡುವೆ, ಮೂರನೇ ಚರಣಕ್ಕೆ ಮುಂಚೆ, ಒಬ್ಬ ಹುಡುಗಿ ಮೆಲ್ಲಗೆ ಹೇಳಿದಳು: ಒಣ್ಣು, ರೆಂಡು, ಮೂಣು.

ಕಮಲಮ್ಮ ಚಹಾದ ಲೋಟ ಕೆಳಗಿಟ್ಟರು. “ಇನ್ನೊಂದ್ಸಲ ಹಾಕಿ,” ಎಂದರು. ಹಾಕಿದರು. “ಬ್ಲೌಸಿಗೆ ಹುಕ್ಕು ಎಣಿಸೋವಾಗ ಇವಳು ಹೀಗೇ ಅನ್ನೋದು,” ಎಂದು ಯಾರಿಗೆಂದಿಲ್ಲದೆ ಹೇಳಿ, ಅತ್ತಿಗೆಯ ಮುಖ ನೋಡದೆ ಮೆಟ್ಟಿಲಿಳಿದು ಹೋದರು.

ಸೋಮವಾರ ನನ್ನ ಹಳೆಯ ಪತ್ರಿಕೆಯ ಕಚೇರಿಗೆ ತಿದ್ದುಪಡಿ ಬರೆದುಕೊಂಡು ಹೋದೆ. “ಇಷ್ಟು ವರ್ಷದ ಮೇಲೆ ಯಾರು ಓದ್ತಾರೆ ಸಾರ್?” ಎಂದರು ಅಲ್ಲಿನ ಉಪಸಂಪಾದಕರು. ಒಬ್ಬರು ಓದುತ್ತಾರೆ ಎಂದೆ. ‘ವರದಿಗಾರ ಸಮಾರಂಭಕ್ಕೆ ಹೋಗಿರಲಿಲ್ಲ’ ಎಂಬ ಸಾಲನ್ನು ಹೊಡೆದುಹಾಕಿದರು. ಪತ್ರಿಕೆಯ ಮರ್ಯಾದೆಯ ಪ್ರಶ್ನೆಯಂತೆ. ಅವರ ಮೇಜಿನ ಎದುರೇ ಕೂತೆ. ಒಂದೂವರೆ ಗಂಟೆ ಕೂತೆ. ಸಾಲು ವಾಪಸು ಬಂತು.

ತಿದ್ದುಪಡಿ ಗುರುವಾರ ನಾಲ್ಕನೇ ಪುಟದಲ್ಲಿ, ವಿದ್ಯುತ್ ವ್ಯತ್ಯಯದ ಪ್ರಕಟಣೆಯ ಕೆಳಗೆ ಪ್ರಕಟವಾಯಿತು. ಉಳಿದಿರುವ ರೆಕಾರ್ಡುಗಳ ಲೇಬಲ್ ಮೇಲೆ ವಿಶ್ವನಾಥ ಪುಷ್ಪವಲ್ಲಿಯವರ ಹೆಸರನ್ನು ಅಂಟಿಸಿದ್ದಾರೆ. ಎಣಿಕೆಯನ್ನು ಮತ್ತೆ ಸೇರಿಸಲು ರೆಕಾರ್ಡನ್ನು ಹೊಸದಾಗಿ ಒತ್ತಿಸಬೇಕು. ಅದು ಇನ್ನೂ ಆಗಿಲ್ಲ. ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನೇ ಜನ್ನಾಪುರಕ್ಕೆ ಹೋಗಿ, ಬಸ್ ನಿಲ್ಲುವ ಕಡೆಯ ಅಂಗಡಿಯಲ್ಲಿ ವಿಚಾರಿಸಿದೆ. ಪತ್ರಿಕೆ ಒಂದೂ ಉಳಿದಿರಲಿಲ್ಲ. ಬಂದಿದ್ದ ಹದಿನೆಂಟು ಪ್ರತಿಗಳನ್ನೂ ಏಳು ಗಂಟೆಯ ಸುಮಾರಿಗೆ, ನೆಂಟರಿಷ್ಟರಿಗೆ ಕೊಡಬೇಕೆಂದು, ಒಬ್ಬರೇ ಕೊಂಡುಹೋದರೆಂದು ಅಂಗಡಿಯವರು ತಿಳಿಸಿದರು. ಕೊಂಡವರು ಕಮಲಮ್ಮ.