ನಗಿಸುವವಳ ಸರದಿ

ನಮ್ಮ ಬೀದಿಯ ಟೈಲರಮ್ಮ ಮೈಕಿನ ಮುಂದೆ ಬಂದು ನಿಂತಳೆಂದರೆ ನಗರಸಭೆಯಲ್ಲಿ ತೂಕಡಿಸುತ್ತಿದ್ದ ಸದಸ್ಯರೂ ನೆಟ್ಟಗೆ ಕೂರುತ್ತಿದ್ದರು. ತಿಂಗಳ ಸಭೆಯ ಕೊನೆಯಲ್ಲಿ ಊರವರಿಗೆ ಮಾತಾಡಲು ಮೂರು ಮೂರು ನಿಮಿಷ ಕೊಡುವುದು ಅಲ್ಲಿನ ಪದ್ಧತಿ. ಹೆಸರು ಕೊಟ್ಟವರು ಒಬ್ಬೊಬ್ಬರಾಗಿ ಬಂದು ತಮ್ಮ ಗೋಳು ಹೇಳಿಕೊಳ್ಳಬೇಕು, ಗುಮಾಸ್ತರು ಗಂಟೆ ಬಾರಿಸಿದರೆ ಬಾಯಿ ಮುಚ್ಚಬೇಕು. ಬೇಕಿದ್ದರೆ ತನ್ನ ಸರದಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡಬಹುದು. ನಮ್ಮ ಬೀದಿಯವರೆಲ್ಲ ಟೈಲರಮ್ಮನಿಗೇ ಬಿಟ್ಟುಕೊಡುತ್ತಿದ್ದೆವು.

ಕೇಳುತ್ತಿದ್ದುದು ಒಂದೇ ಒಂದು ರಸ್ತೆ ಉಬ್ಬು. ಗೋದಾಮಿನ ಲಾರಿಗಳನ್ನು ದೊಡ್ಡ ರಸ್ತೆಯಿಂದ ತಪ್ಪಿಸಿ ನಮ್ಮ ಬೀದಿಗೆ ತಿರುಗಿಸಿದ್ದರು. ತಿರುವಿನಲ್ಲಿ ಅವು ಬರುವ ರಭಸಕ್ಕೆ ಮನೆಗಳ ಕಿಟಕಿ ಗಾಜುಗಳು ಗಡಗಡ ಅನ್ನುತ್ತಿದ್ದವು. ಅಲ್ಲೊಂದು ಉಬ್ಬು ಹಾಕಿ ಅಂದೆವು, ಅರಮನೆ ಕಟ್ಟಿಸಿಕೊಡಿ ಅನ್ನಲಿಲ್ಲ. ಮೊದಲು ಮೇಷ್ಟ್ರು ಹೋಗಿ ನಿಯಮಗಳನ್ನು ಓದಿದರು. ಸದಸ್ಯರು ಫ್ಯಾನು ನೋಡುತ್ತಾ ಕೂತರು. ಬಡಗಿ ಹೋಗಿ ಕೂಗಾಡಿದ, ಅವನನ್ನು ರಟ್ಟೆ ಹಿಡಿದು ಹೊರಗೆ ಕಳಿಸಿದರು. ಎದುರು ಮನೆಯ ಅಜ್ಜಿ ಹೋಗಿ ಅತ್ತಳು, ಅಧ್ಯಕ್ಷರು ಕುಡಿಯಲು ನೀರು ತರಿಸಿಕೊಟ್ಟರು. ಕೊನೆಗೆ ಹೋದವಳು ಟೈಲರಮ್ಮ.

ಅವಳು ನಗಿಸಿದಳು.

"ನಮ್ಮಕ್ಕ ಇದ್ದಾಳಲ್ಲ ಅಧ್ಯಕ್ಷರೇ, ಅವಳಿಗೆ ಕಿವಿ ಕೇಳಲ್ಲ. ಮೊನ್ನೆ ರಸ್ತೆ ಮಧ್ಯ ನಿಂತು ಸೂಜಿಗೆ ದಾರ ಪೋಣಿಸ್ತಿದ್ದಳು. ಹಿಂದೆ ಲಾರಿಯವನು ಹಾರ್ನ್ ಹೊಡೆದೂ ಹೊಡೆದೂ ಸಾಕಾಗಿ ಕೆಳಗಿಳಿದು ಬಂದ. ಇವಳು ಅವನನ್ನ ಮೇಲಿಂದ ಕೆಳಗೆ ನೋಡಿ, ಏನಪ್ಪಾ, ಪ್ಯಾಂಟು ಹರಿದಿದೆಯಾ, ಬಿಚ್ಚಿಕೊಡು ಅಂದಳು!"

ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ಗುಮಾಸ್ತರು ಗಂಟೆ ಬಾರಿಸುವುದನ್ನೇ ಮರೆತರು. ಅಂದು ಮೊದಲ ಸಲ ನಮ್ಮ ಬೀದಿಯ ಹೆಸರು ಅಧ್ಯಕ್ಷರ ಬಾಯಲ್ಲಿ ಬಂತು. ನಾವು ಅಲ್ಲೇ ತೀರ್ಮಾನ ಮಾಡಿಬಿಟ್ಟೆವು, ಇನ್ನು ಮುಂದೆ ಇವಳೇ ಸರಿ. ಪ್ರತಿ ಸಭೆಗೆ ಮುಂಚೆ ಅವಳ ಅಂಗಡಿಯಲ್ಲಿ ಸೇರಿ, "ಈ ಸಲ ಇನ್ನೂ ಜೋರಾಗಿರಲಿ" ಅಂತ ಹುರಿದುಂಬಿಸುತ್ತಿದ್ದೆವು. ಇಂಥ ದಡ್ಡತನ ನಮ್ಮ ಬೀದಿಗೇ ಸರಿ.

ಅಂಗಡಿಯೆಂದರೆ ಅವರ ಮನೆಯ ಮುಂದಿನ ಕೋಣೆ. ಟೈಲರಮ್ಮ ಮಿಷನ್ನಿನ ಮೇಲೆ, ಅಕ್ಕ ಕಿಟಕಿ ಪಕ್ಕದ ಚಾಪೆಯ ಮೇಲೆ. ತಂಗಿ ಹೊಲಿದದ್ದಕ್ಕೆ ಕಾಜಾ ಹಾಕಿ ಗುಂಡಿ ಕಟ್ಟುವುದು, ಇಸ್ತ್ರಿ ಮಾಡಿ ಮನೆಮನೆಗೆ ಮುಟ್ಟಿಸುವುದು ಅಕ್ಕನ ಕೆಲಸ. ತಾಯಿ ಹೋದ ಮೇಲೆ ತಂಗಿಯನ್ನು ಸಾಕಿದವಳೂ ಅವಳೇ. ಮಗ್ಗದ ಕಾರ್ಖಾನೆಯಲ್ಲಿ ದುಡಿದು ಈ ಮಿಷನ್ನು ಕೊಡಿಸಿದಳು. ಆ ಕಾರ್ಖಾನೆಯ ಸದ್ದು ಅವಳ ಕಿವಿಯನ್ನು ತಿಂದು ಹಾಕಿತು. ತಂಗಿಯ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದಳು, ಬೇರೆಯವರ ಮಾತು ಅವಳಿಗೆ ದಕ್ಕುತ್ತಿರಲಿಲ್ಲ.

ಒಮ್ಮೆ ಅಕ್ಕನೂ ಸಭೆಗೆ ಬಂದಳು. ಒಗೆದ ಬಟ್ಟೆ ಉಟ್ಟು ನಮ್ಮ ಜೊತೆ ಹಿಂದಿನ ಬೆಂಚಿನಲ್ಲಿ ಕೂತಳು. ತಂಗಿಯ ಬೆನ್ನು ಇತ್ತ ಕಡೆ, ತುಟಿ ಕಾಣುವಂತಿಲ್ಲ. "ನಮ್ಮಕ್ಕ ಇದ್ದಾಳಲ್ಲ" ಅಂತ ಶುರುವಾಯಿತು, ಎಲ್ಲರೂ ನಕ್ಕರು, ಎಲ್ಲರೂ ನಗುವುದನ್ನು ನೋಡಿ ಅಕ್ಕನೂ ನಕ್ಕಳು. ದಾರಿಯಲ್ಲಿ ತಂಗಿಯ ತೋಳು ಹಿಡಿದು, "ಎಷ್ಟು ಚೆನ್ನಾಗಿ ಮಾತಾಡಿದೆಯೇ! ಎಲ್ಲರಿಗೂ ಖುಷಿಯಾಯ್ತು. ಏನಂದೆ?" ಅಂತ ಕೇಳಿದಳು.

"ಲಾರಿ ವಿಷಯ ಕಣೇ ಅಕ್ಕ" ಅಂದಳು ಟೈಲರಮ್ಮ. ಮನೆ ಮುಟ್ಟುವವರೆಗೂ ಮತ್ತೆ ಅಕ್ಕನ ಕಡೆ ಮುಖ ತಿರುಗಿಸಲಿಲ್ಲ.

ಇಷ್ಟೆಲ್ಲ ನಕ್ಕ ಮೇಲೆ ನಗರಸಭೆಯೂ ಸುಮ್ಮನೆ ಕೂರಲಿಲ್ಲ. ಉಬ್ಬಿನ ಬದಲು ತಿರುವಿನಲ್ಲಿ ಒಂದು ಬೋರ್ಡು ನೆಟ್ಟರು. ಅದರ ಮೇಲೆ ಬರೆದದ್ದು ಇಷ್ಟೇ: ಹಾರ್ನ್ ಮಾಡಿ. ಅಂದಿನಿಂದ ಲಾರಿಯವರಿಗೆ ಬ್ರೇಕು ತುಳಿಯುವ ಉಸಾಬರಿ ತಪ್ಪಿತು. ದೂರದಿಂದಲೇ ಒಮ್ಮೆ ಹಾರ್ನ್ ಬಾರಿಸಿ ಅದೇ ವೇಗದಲ್ಲಿ ನುಗ್ಗುತ್ತಿದ್ದರು. ನಮಗೆ ಮೈಯೆಲ್ಲ ಉರಿಯಿತು. ಟೈಲರಮ್ಮ ಮುಂದಿನ ಸಭೆಯಲ್ಲಿ, "ಬೋರ್ಡು ತುಂಬಾ ಚೆನ್ನಾಗಿದೆ ಅಧ್ಯಕ್ಷರೇ, ಈಗ ಬೀದಿಯಲ್ಲಿ ನಮ್ಮಕ್ಕನೊಬ್ಬಳಿಗೇ ನಿದ್ದೆ" ಅಂದಳು. ಅಧ್ಯಕ್ಷರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ನಾವೂ ಉರಿ ಮರೆತು ನಕ್ಕೆವು.

ಹಾಡುಹಗಲೇ ನಡೆಯಿತು ಅದು. ಯಾರದೋ ಮನೆಯ ಪರದೆಗಳನ್ನು ಇಸ್ತ್ರಿ ಮಾಡಿ, ಮಡಿಕೆ ಕೆಡದಂತೆ ಎರಡೂ ಕೈಯಲ್ಲಿ ಹಿಡಿದು ಅಕ್ಕ ರಸ್ತೆ ದಾಟುತ್ತಿದ್ದಳು. ಹಾರ್ನ್ ನಮಗೆಲ್ಲ ಕೇಳಿಸಿತು. ಬಡಗಿ ಓಡಿದ, ತಲುಪಲಿಲ್ಲ. ಲಾರಿಯವನು ಕೆಳಗಿಳಿದು, "ಹಾರ್ನ್ ಮಾಡಿದೆ ಸಾರ್, ಬೋರ್ಡ್ ನೋಡಿಯೇ ಮಾಡಿದೆ" ಅಂದ. ಪೊಲೀಸರಿಗೂ ಅದನ್ನೇ ಹೇಳಿದ. ಅವನು ಹೇಳಿದ್ದು ಸುಳ್ಳಲ್ಲ. ಟೈಲರಮ್ಮ ಅಳತೆಯ ಟೇಪನ್ನು ಕೊರಳಿಂದ ತೆಗೆಯದೆ ಹಾಗೇ ಬಂದು ರಸ್ತೆಯಲ್ಲಿ ಕೂತಳು.

ಮುಂದಿನ ಸಭೆಗೆ ಅವಳು ತಾನಾಗಿಯೇ ಹೊರಟಳು. ಮೈಕಿನ ಮುಂದೆ ನಿಂತು, "ನಮ್ಮಕ್ಕ" ಅಂದಳು. ಅಷ್ಟಕ್ಕೇ ಸಭೆಯಲ್ಲಿ ಕಿಸಕ್ಕನೆ ನಗೆ ಹಬ್ಬಿತು. ಅವಳು ತಡೆದು ಮತ್ತೆ, "ನಮ್ಮಕ್ಕ" ಅಂದಳು.

"ಏನಂತಮ್ಮಾ ಈ ಸಲ ನಿಮ್ಮಕ್ಕಂದು?" ಅಂತ ಸದಸ್ಯರೊಬ್ಬರು ಕುರ್ಚಿ ಮುಂದಕ್ಕೆ ಎಳೆದುಕೊಂಡರು.

"ಸತ್ತಳು."

ಆಗಲೂ ಒಂದಿಬ್ಬರು ನಕ್ಕರು. ನಕ್ಕು, ಅಕ್ಕಪಕ್ಕ ನೋಡಿ, ಬಾಯಿ ಮುಚ್ಚಿಕೊಂಡರು. ಅಧ್ಯಕ್ಷರು ಎದ್ದು ನಿಂತು ಸಂತಾಪ ಹೇಳಿದರು, ವಿಷಯ ಪರಿಶೀಲಿಸುತ್ತೇವೆ ಅಂದರು. ಗುಮಾಸ್ತರು ಮುಂದಿನವರ ಹೆಸರು ಕರೆದರು.

ಪರಿಶೀಲನೆ ನಡೆಯುತ್ತಲೇ ಇತ್ತು. ಟೈಲರಮ್ಮ ತಿಂಗಳು ತಿಂಗಳೂ ಹೋಗಿ, ತಮಾಷೆಯಿಲ್ಲದೆ, ಅಕ್ಕ ಸತ್ತ ಜಾಗದಲ್ಲಿ ಉಬ್ಬು ಹಾಕಿ ಅಂತ ಕೇಳಿದಳು. ಮೊದಮೊದಲು ಸದಸ್ಯರು ತಲೆ ತಗ್ಗಿಸಿ ಕೇಳಿದರು. ಆಮೇಲೆ ಫೋನು ನೋಡತೊಡಗಿದರು. ಕೊನೆಗೆ ಅವಳ ಹೆಸರು ಕರೆದರೆ ಅರ್ಧ ಜನ ಟೀ ಕುಡಿಯಲು ಎದ್ದು ಹೋಗುತ್ತಿದ್ದರು. ಇತ್ತ ಲಾರಿಯೊಂದು ಬಡಗಿಯ ಸೊಸೆಯ ಸೆರಗು ಸವರಿಕೊಂಡು ಹೋಯಿತು. ಅವಳು ತುಂಬು ಬಸುರಿ. ಅಂದು ಸಂಜೆ ಬಡಗಿ ಟೈಲರಮ್ಮನ ಅಂಗಡಿಯ ಬಾಗಿಲಲ್ಲಿ ನಿಂತು ಏನೋ ಹೇಳಲು ಹೋಗಿ, ಹೇಳಲಾಗದೆ ವಾಪಸಾದ. ಏನು ಕೇಳಲು ಬಂದಿದ್ದನೆಂದು ಅವಳಿಗೆ ತಿಳಿಯಿತು.

ಮುಂದಿನ ಸಭೆ. ಹೆಸರು ಕರೆದರು, ಕುರ್ಚಿಗಳು ಹಿಂದೆ ಸರಿದವು, ಸದಸ್ಯರು ಎದ್ದರು. ಟೈಲರಮ್ಮ ಮೈಕನ್ನು ಕೈಯಲ್ಲಿ ಬಿಗಿಯಾಗಿ ಹಿಡಿದಳು.

"ನಮ್ಮಕ್ಕ ಇದ್ದಾಳಲ್ಲ ಅಧ್ಯಕ್ಷರೇ, ಮೇಲೆ ಹೋದಳಲ್ಲ, ಅಲ್ಲೂ ಬಾಗಿಲಾಚೆಯೇ ನಿಂತಿದ್ದಾಳಂತೆ."

ಎದ್ದವರು ನಿಂತರು.

"ಒಳಗಿಂದ ಬಾರಮ್ಮ ಬಾರಮ್ಮ ಅಂತ ಕರೀತಾನೇ ಇದ್ದಾರಂತೆ. ಇವಳಿಗೆ ಕೇಳಿಸಿದರೆ ತಾನೇ! ಕರೆದೂ ಕರೆದೂ ಅವರಿಗೆ ಗಂಟಲು ಹೋಗಿ, ನಿಮಗೆ ಹೇಳಿ ಕಳಿಸಿದ್ದಾರೆ. ಪುಣ್ಯಾತ್ಮರೇ, ಆ ಬೀದಿಯಿಂದ ಇನ್ನೊಬ್ಬರನ್ನ ಕಳಿಸಬೇಡಿ, ಮೊದಲು ಆ ಉಬ್ಬು ಹಾಕಿ ಅಂತ."

ಮೊದಲು ಒಬ್ಬರು ನಕ್ಕರು, ಅವರನ್ನು ನೋಡಿ ಇನ್ನೊಬ್ಬರು, ಆಮೇಲೆ ಎಲ್ಲರೂ. ಅಧ್ಯಕ್ಷರು ನಗುತ್ತಲೇ, "ಆಯ್ತಮ್ಮ, ಹಾಕಿಸೋಣ, ಯಾರದ್ದಾದರೂ ತಕರಾರಿದೆಯೇನ್ರಿ?" ಅಂದರು. ತಕರಾರು ಯಾರದೂ ಇರಲಿಲ್ಲ. ಹಿಂದಿನ ಬೆಂಚಿನಲ್ಲಿ ನಾವು ಯಾರೂ ನಗಲಿಲ್ಲ, ಚಪ್ಪಾಳೆಯನ್ನೂ ತಟ್ಟಲಿಲ್ಲ. ಟೈಲರಮ್ಮ ಹೊರಗೆ ಬಂದು, ಕೈ ತೊಳೆಯುವ ನಲ್ಲಿಯ ಮುಂದೆ ಬಗ್ಗಿ, ಬಾಯಿ ಮುಕ್ಕಳಿಸಿ ಉಗಿದಳು. ಮತ್ತೆ ಮುಕ್ಕಳಿಸಿದಳು. ನಿಲ್ಲಿಸುವ ಲಕ್ಷಣ ಕಾಣದಾಗ ಮೇಷ್ಟ್ರು ಹೋಗಿ ನಲ್ಲಿ ಬಂದ್ ಮಾಡಿದರು.

"ಸಾಕು ಬಾರಮ್ಮ. ಬೀದಿಗೆ ಒಳ್ಳೇದು ಮಾಡಿದೆ."

ಅವಳು ಮುಖ ಎತ್ತಿದಳು. ಗದ್ದದಿಂದ ನೀರು ಸುರಿಯುತ್ತಿತ್ತು.

"ನಾನಂದಿದ್ದು ಅಕ್ಕಂಗೆ ಕೇಳ್ಸಿರಲ್ಲ, ಅಲ್ವಾ ಮೇಷ್ಟ್ರೇ?"

"ಇಲ್ಲಮ್ಮ" ಅಂದರು ಮೇಷ್ಟ್ರು.