ಗುರುತಿಗೆ ಕಟ್ಟಿದ ಬಾಳೆನಾರು

ಬಾಳೆ ಕಂದು ತರಲೆಂದು ಬೆಳಗಿನ ಬಸ್ಸಿಗೆ ಬ್ರಹ್ಮಾವರ ಬಿಟ್ಟೆ. ಕುಂದಾಪುರದಲ್ಲಿ ಬನ್ಸ್ ತಿಂದು ಅಮಾಸೆಬೈಲಿನ ಬಸ್ಸು ಹಿಡಿದೆ. ಹಾಲಾಡಿ ದಾಟಿದ ಮೇಲೆ, ರಾತ್ರಿಯ ಗಾಳಿಗೆ ಮುರಿದ ಕೊಂಬೆಗಳು ರಸ್ತೆಯಲ್ಲೇ ಬಿದ್ದಿದ್ದವು.

ಸೀನ ಮಾವ, ನನ್ನ ಅತ್ತೆಯ ಗಂಡ, ಅಂಗಳದಲ್ಲೇ ಸಿಕ್ಕರು. "ಹ್ವಾಯ್, ಕಾಲೇಜ್ ಕಲ್ತವ್ರೂ ಬಾಳಿ ನೆಡುಕ್ ಹೊರ್ಟ್ರಾ? ಹುಳಕ್ಕೆ ಭಾರಿ ಖುಷಿ ಆತ್ ಕಾಣ್!"

ಅವರ ತೋಟಕ್ಕೆ ಕಾಂಡ ಕೊರೆಯುವ ಹುಳ ಬಿದ್ದಿತ್ತು. ತೂತಿನಿಂದ ಅಂಟು ಸೋರುತ್ತಿದ್ದ ಗಿಡಗಳಿಗೆ ಮೊನ್ನೆಯಷ್ಟೇ ಸೂಜಿಯಲ್ಲಿ ವಿಷದ ಮದ್ದು ಚುಚ್ಚಿದ್ದರಂತೆ. ಅವುಗಳ ದಿಂಡು, ಕಾಯಿ ಮುಟ್ಟಬಾರದೆಂದು ಗುರುತಿಗೆ ಒಣ ಬಾಳೆನಾರು ಕಟ್ಟಿದ್ದರು.

ಒಳಗೆ ಕೂರುವಷ್ಟರಲ್ಲಿ ಅತ್ತೆ ಎರಡು ಲೋಟ ಬಾಳೆದಿಂಡಿನ ರಸ ತಂದರು. ಮಾವನಿಗೆ ಕಿಡ್ನಿಯಲ್ಲಿ ಕಲ್ಲು. ಬಿದ್ದ ಬಾಳೆಯ ದಿಂಡನ್ನು ಆ ಮನೆಯಲ್ಲಿ ಎಸೆಯುವ ಕ್ರಮವೇ ಇಲ್ಲ. ನಾನು ಲೋಟ ಎತ್ತುವಾಗ ಮಾವ ಅರ್ಧ ಕುಡಿದು ನಿಲ್ಲಿಸಿದರು.

"ಇದೆಂತ ವಾಸ್ನಿ? ಯಾವ ಬಾಳಿದ್ ಇದ್?"

"ಬಾವಿ ಬದಿದ್. ಗಾಳಿಗ್ ಬಿದ್ದಿತ್," ಎಂದರು ಅತ್ತೆ.

"ಅದ್ಕೆ ಮದ್ದ್ ಕೊಟ್ಟಿದ್ದೆ! ನಾರ್ ಕಟ್ಟದ್ ಕಾಣ್ಲಿಲ್ಯಾ?"

ಅತ್ತೆಯ ಮುಖ ಬಿಳಿಚಿತು. "ಒಣಗಿದ್ ಎಲಿ ಒಳ್ಗೆ ಹುಳ ಅಡ್ಗತ್ತ್, ಕಿತ್ತ್ ಸುಡ್ ಅಂದ್ರಿ ಅಲ್ದಾ? ನಿನ್ನೆ ಎಲ್ಲಾ ಕಿತ್ತ್ ಸುಟ್ಟೆ..."

ಗುರುತಿನ ನಾರೂ ಒಣಗಿದ್ದೇ. ಅದೂ ಬೂದಿಯಾಗಿತ್ತು.

ನೆರೆಯವರ ಕಾರಿನಲ್ಲಿ ಕುಂದಾಪುರಕ್ಕೆ ಹೊರಟೆವು. ವೈದ್ಯರಿಗೆ ತೋರಿಸಲು ಮದ್ದಿನ ಬಾಟಲಿ ನನ್ನ ಕೈಯಲ್ಲಿತ್ತು. ದಾರಿಯಲ್ಲೇ ಮಾವ ಬೆವರಿ ತೊಯ್ದರು, ಬಾಯಿಂದ ಜೊಲ್ಲು ಇಳಿಯತೊಡಗಿತು. "ಹ್ವಾಯ್, ಮಾತಾಡಿ. ಎಂತಾರೂ ಮಾತಾಡಿ," ಎಂದು ಅತ್ತೆ ಅವರ ಭುಜ ಅಲುಗಿಸುತ್ತಲೇ ಇದ್ದರು. ರೈಲ್ವೆ ಗೇಟಿನಲ್ಲಿ ನಿಂತಂತೆ ನಿಂತುಹೋದ ಆ ದಾರಿ ನನಗೆ ಈಗಲೂ ಮುಗಿದಿಲ್ಲ. ನನ್ನ ಲೋಟ ತುಟಿಯ ಹತ್ತಿರವಿತ್ತು. ಮಾವ ಮೊದಲು ಕುಡಿದರು, ಅಷ್ಟೇ.

ಮಾವ ಉಳಿದರು. ಅವರು ಐಸಿಯುವಿನಿಂದ ವಾರ್ಡಿಗೆ ಬಂದ ಮರುದಿನ ಬಟ್ಟೆ ತರಲು ಅತ್ತೆಯೊಂದಿಗೆ ಅಮಾಸೆಬೈಲಿಗೆ ಹೋದೆ. ಮದ್ದು ಕೊಟ್ಟ ಉಳಿದ ಗಿಡಗಳು ಯಾವುವೆಂದು ಮಾವನಿಗೆ ಸರಿಯಾಗಿ ನೆನಪಿರಲಿಲ್ಲ. ಅತ್ತೆ ಪೆಟ್ಟಿಗೆಯಿಂದ ಕೆಂಪು ಸೀರೆಯೊಂದನ್ನು ತೆಗೆದು ಸೀಳತೊಡಗಿದರು.

"ಕಂದ್ ಕೊಂಡ್ ಹೋಪುದಿಲ್ಯಾ?"

"ಬೇಡ ಅತ್ತೆ."

ಸಂಜೆಯ ಬಸ್ಸು ತಿರುವಿಗೆ ಬಂದಾಗ ಹಿಂತಿರುಗಿ ನೋಡಿದೆ. ಗೊನೆ ತೂಗುತ್ತಿದ್ದ ಗಿಡಗಳೂ ಸೇರಿ, ತೋಟದ ಒಂದು ಬಾಳೆಯನ್ನೂ ಬಿಡದೆ ಅತ್ತೆ ಕೆಂಪು ಚೂರು ಕಟ್ಟಿದ್ದರು.