ಶೇವಂತಾಳಿಗೆ ಸಿಕ್ಕ ಎರಡು ಅಂಕ

ನಮ್ಮವ್ವ ಶೇವಂತಾಬಾಯಿ ಕುಳಿತಲ್ಲಿ ಕೂರುವ ಹೆಂಗಸಲ್ಲ. ಮುಡಬಿಯ ಹೊಲಗಳಲ್ಲಿ ಕೂಲಿ ಮಾಡಿ ಮಾಡಿ ಮೊಣಕಾಲು ಸವೆದರೂ ಸುಮ್ಮನಿರಳು. ಆ ಚಡಪಡಿಕೆ ನನಗೂ ಅಂಟಿದೆ, ಏನು ಮಾಡುವುದು. ಹುಮನಾಬಾದಿಗೆ ಎಲುಬಿನ ಡಾಕ್ಟರು ರವಿವಾರ ಮಧ್ಯಾಹ್ನ ಮಾತ್ರ ಬರುತ್ತಾರೆ. ಈ ರವಿವಾರ ಅವರು ಬರುವವರೆಗೆ ಅವ್ವನನ್ನು ಅಲ್ಲೇ ಗೆಳೆಯ ಸರ್ಫರಾಜನ ಝೆರಾಕ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂರಿಸಿದೆ.

ಪ್ರತಿ ರವಿವಾರ ನಾವು ಮೂವರು ಗೆಳೆಯರು ಅಲ್ಲಿ ಕಥೆಯಾಟ ಆಡುತ್ತೇವೆ. ಕಥೆ ನಡೆಸುವವನು ಸರ್ಫರಾಜ್. ಪಂಕ್ಚರ್ ಅಂಗಡಿಯ ಗೌಸ ಖಡ್ಗವೀರ, ನಾನು ಪುಸ್ತಕ ಓದಿ ಮಂತ್ರ ಹಾಕುವ ಮಂತ್ರವಾದಿ. ಏಟು ಬಿತ್ತೋ ತಪ್ಪಿತೋ ದಾಳ ಹೇಳುತ್ತದೆ. ನನ್ನ ಮಂತ್ರವಾದಿಯ ಹೆಸರು ಶೇವಂತಾ. ಶಾಲೆಯ ಮುಖ ನೋಡದ ಅವ್ವನ ಕೈಗೆ ಆಟದಲ್ಲಾದರೂ ಪುಸ್ತಕ ಕೊಡೋಣವೆಂದು ಇಟ್ಟ ಹೆಸರು. ಅವಳಿಗೆ ಹೇಳಿರಲಿಲ್ಲ, ನಾಚಿಕೆ.

ಹಿಂದಿನ ವಾರ ಡಕಾಯಿತರ ನಾಯಕನ ಏಟಿಗೆ ಶೇವಂತಾ ಸಾಯುವುದೊಂದು ಬಾಕಿ. ಈ ವಾರ ಮತ್ತೆ ಅವನೇ ಎದುರು. ಸರ್ಫರಾಜನ ಮೇಜಿನಲ್ಲಿ ಸತ್ತವರು ತಿರುಗಿ ಬರುವುದಿಲ್ಲ. ಆಟ ತಾನೇ ಎನ್ನಬೇಡಿ, ಅವ್ವನ ಹೆಸರಿನವಳು ಸಾಯುತ್ತಾಳೆಂದರೆ ನನಗೆ ಅನ್ನ ಸೇರುತ್ತಿರಲಿಲ್ಲ. ಪುಣ್ಯಕ್ಕೆ ನಾಲ್ಕನೆಯ ಹಂತಕ್ಕೇರಿದ್ದಕ್ಕೆ ಎರಡು ಅಂಕ ಸಿಕ್ಕಿದ್ದವು. ಬುದ್ಧಿಗೆ ಹಾಕಲೋ, ಮೈಗೆ ಹಾಕಲೋ?

“ಮೈಗೆ ಹಾಕು ಮಾರಾಯ್ತಿ,” ಎಂದ ಗೌಸ. “ನಿನ್ನ ಕಾಯೋದ್ರಾಗ ನನ್ನ ಢಾಲು ಮುರಿಯಾಕತ್ತದ.”

“ಎರಡಕ್ಕೂ ಒಂದೊಂದು ಹಂಚ್ಲಾ?”

“ದಂಡ,” ಎಂದ ಸರ್ಫರಾಜ್. “ಬುದ್ಧಿ ಹದಿನಾರು ಅದ. ಹದಿನೇಳಾದ್ರ ಏನೂ ಫರಕ್ ಬೀಳಂಗಿಲ್ಲ. ಹದಿನೆಂಟೇ ಆಗಬೇಕು.”

ನಾನು ಎದ್ದೆ, ಕೂತೆ, ಮತ್ತೆ ಎದ್ದು ಬಾಗಿಲಿಗೆ ಹೋಗಿ ಬಂದೆ.

“ಏನ್ ಆಗ್ಯದ ಈಕಿಗಿ?” ಅವ್ವ ಸರ್ಫರಾಜನನ್ನು ಕೇಳಿದಳು.

“ನೋಡ್ರಿ ಮೌಶಿ, ಈಕಿ ಮಂತ್ರವಾದಿಗಿ ಎರಡು ಅಂಕ ಸಿಕ್ಕಾವ. ಮೈಗೆ ಹಾಕಿದ್ರ ಹೊಡತ ತಡಕೋತಾಳ. ಬುದ್ಧಿಗೆ ಹಾಕಿದ್ರ ಮಂತ್ರ ಬಿಗಿ ಆಗ್ತದ, ದಿನಾ ಇನ್ನೊಂದು ಮಂತ್ರ ತಯಾರ್ ಇಟ್ಕೋಬಹುದು. ಖರೆ ಮೈ ನಾಜೂಕೇ ಉಳೀತದ.”

“ಆಕಿ ಹೆಸರೇನು?”

ನಾನು ಸರ್ಫರಾಜನತ್ತ ಕಣ್ಣು ಕೆಕ್ಕರಿಸಿದೆ. ಆ ಪೆದ್ದನಿಗೆ ತಿಳಿದರೆ ತಾನೇ?

“ಶೇವಂತಾ ರೀ.”

ಮೊಣಕಾಲು ತಿಕ್ಕುತ್ತಿದ್ದ ಅವ್ವನ ಕೈ ನಿಂತಿತು. ನನಗೆ ಸಿಟ್ಟು, ನಾಚಿಕೆ, ಅಳು ಒಟ್ಟಿಗೇ ಬಂದವು.

“ಬುದ್ಧಿಗೆ ಹಾಕು ರತ್ನಾ,” ಎಂದಳು ಅವ್ವ.

“ಸಾಯ್ತಾಳವ್ವ.”

“ಸಾಯೋದಾದ್ರ ಓದಿ ಸಾಯ್ಲಿ. ಹುಟ್ಟಿದಾಗಿಂದ ಎಲ್ಲಾ ಮೈಗೇ ಹಾಕೀನಿ. ಏನ್ ಬಂತು?”

ನಾನು ಹದಿನಾರನ್ನು ಹೊಡೆದುಹಾಕಿ ಹದಿನೆಂಟು ಬರೆದೆ.

ಕಾದಾಟ ಶುರುವಾಯಿತು. ಶೇವಂತಾ ನಾಯಕನ ಮೇಲೆ ಕೈಕಾಲು ಕಟ್ಟುವ ಮಂತ್ರ ಬಿಟ್ಟಳು. ನಾಯಕ ಬಿಡಿಸಿಕೊಳ್ಳುವನೋ ಇಲ್ಲವೋ ನೋಡಲು ಸರ್ಫರಾಜ್ ದಾಳ ಉರುಳಿಸಿದ. ನಾಯಕನಿಗೆ ಎಲ್ಲ ಕೂಡಿ ಹದಿಮೂರು. ಮೊದಲಾಗಿದ್ದರೆ ಅಷ್ಟಕ್ಕೇ ಬಿಡಿಸಿಕೊಂಡು ಅವಳನ್ನು ಮುಗಿಸುತ್ತಿದ್ದ. ಬುದ್ಧಿ ಏರಿ ಮಂತ್ರ ಬಿಗಿಯಾಗಿದ್ದರಿಂದ ಈಗ ಹದಿನಾಲ್ಕು ಬೇಕಿತ್ತು. ನಾಯಕ ನಿಂತಲ್ಲೇ ಮರಗಟ್ಟಿದ, ಗೌಸ ಖಡ್ಗ ಬೀಸಿ ಕೆಲಸ ಮುಗಿಸಿದ. ನಾನು ಕೊನೆಗೂ ಕೂತೆ.

“ಆಟದಾಗ ನಾಳಿಗಿ ಆ ಹೆಚ್ಚಿನ ಮಂತ್ರ ಯಾವುದು ಇಡ್ತೀ?” ಎಂದ ಸರ್ಫರಾಜ್.

ಶೇವಂತಾಳ ಪುಸ್ತಕದಲ್ಲಿದ್ದ ಮಂತ್ರಗಳನ್ನು ಅವ್ವನಿಗೆ ಓದಿ ಹೇಳಿದೆ. ಬೆಂಕಿಯದು, ನಿದ್ದೆಯದು, ಯಾವ ಊರಿನ ಅಕ್ಷರವನ್ನೂ ಓದಿಸುವಂಥದು. ಅಲ್ಲಿ ಅವ್ವ ಕೈಯೆತ್ತಿ ತಡೆದಳು.

“ಅದು ಹೊಡದಾಟಕ್ಕ ಬರಂಗಿಲ್ರಿ ಮೌಶಿ,” ಎಂದ ಗೌಸ.

“ಇರಲಿ ತಮ್ಮಾ,” ಎಂದಳು ಅವ್ವ. “ನಾ ಒಮ್ಮೆ ಓದ್ತೀನಿ.”